ಮರಿ ಹಾವುಗಳ ಸ್ವಭಾವ ಮತ್ತು ನಿರ್ವಹಣೆ: ಸಾಕಣೆಯ ಕಾರ್ನ್ ಹಾವು ಹಾಗೂ ಹಿತ್ತಲಿನ ಹಾವಿನ ಕುರಿತು ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಬೆಂಗಳೂರಿನ ಹಳೆಯ ಬಡಾವಣೆಗಳ ಪೈಕಿ ಚಾಮರಾಜಪೇಟೆಯು 1892ರಲ್ಲಿಯೂ, ಬಸವನಗುಡಿ ಮತ್ತು ಮಲ್ಲೇಶ್ವರಗಳು 1898ರ ಪ್ಲೇಗ್ ಪಿಡುಗಿನ ಕಾಲದಲ್ಲಿಯೂ ರೂಪುಗೊಂಡವು. ಇಲ್ಲಿನ ಹಿತ್ತಲು, ಹಳೆಯ ಬಾವಿ, ಬಿರುಕು ಬಿಟ್ಟ ಕಲ್ಲುಗೋಡೆ ಹಾಗೂ ಚರಂಡಿಗಳಲ್ಲಿ ಹಾವುಗಳು ಅಂದಿನಿಂದಲೂ ವಾಸಿಸುತ್ತಿವೆ. ಇತ್ತೀಚಿನ ವರ್ಷಗಳಲ್ಲಿ ಇದೇ ನಗರದ ಕೆಲವು ಮನೆಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೆ ವಿದೇಶಿ ಹಾವುಗಳನ್ನು ಸಾಕುವ ಹವ್ಯಾಸವೂ ಕಂಡುಬರುತ್ತಿದೆ. ಅವುಗಳಲ್ಲಿ ಕಾರ್ನ್ ಹಾವು ಮುಖ್ಯವಾದುದು.

ಪೆಟ್ಟಿಗೆಯಲ್ಲಿರುವ ಮರಿ ಕೈಗೆ ಒಗ್ಗುತ್ತದೆಂಬ ಕಾರಣಕ್ಕೆ ಹಿತ್ತಲಿನ ಮರಿಯೂ ಒಗ್ಗುತ್ತದೆಂದು ಭಾವಿಸುವುದು ಪ್ರಾಣಾಪಾಯಕ್ಕೆ ಎಡೆಮಾಡಿಕೊಡಬಹುದು. ಆದುದರಿಂದ ಈ ಎರಡರ ನಡುವಿನ ವ್ಯತ್ಯಾಸವನ್ನು ಪೋಷಕರು ಮತ್ತು ವಿದ್ಯಾರ್ಥಿಗಳು ತಿಳಿದಿರುವುದು ಅವಶ್ಯ.

ಕಾರ್ನ್ ಹಾವಿನ ಮರಿಗಳ ಸ್ವಭಾವ

ಕಾರ್ನ್ ಹಾವು ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ಭಾಗಕ್ಕೆ ಸೇರಿದ ವಿಷರಹಿತ ಹಾವು. ಇಲಿಗಳನ್ನು ಸುತ್ತಿ ಹಿಸುಕಿ ತಿನ್ನುತ್ತದೆ. ಮೊಟ್ಟೆಯಿಂದ ಹೊರಬಂದ ಮರಿಯು ಸುಮಾರು 20ರಿಂದ 30 ಸೆಂಟಿಮೀಟರ್ ಉದ್ದವಿದ್ದು, ಬೆಳೆದಾಗ 1ರಿಂದ 1.5 ಮೀಟರ್ ಆಗುತ್ತದೆ. ಉತ್ತಮ ಪಾಲನೆಯಲ್ಲಿ 15 ವರ್ಷಕ್ಕೂ ಹೆಚ್ಚು ಕಾಲ ಬದುಕುತ್ತದೆ.

ಬೆಳೆದ ಕಾರ್ನ್ ಹಾವು ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಆದರೆ ಮರಿಯು ಹಾಗಲ್ಲ. ಕುತ್ತಿಗೆಯನ್ನು ಹಿಂದಕ್ಕೆ ಮಡಿಸುವುದು, ಬಾಲವನ್ನು ವೇಗವಾಗಿ ಅದುರಿಸುವುದು, ಎರಗುವುದು, ದುರ್ವಾಸನೆಯ ದ್ರವವನ್ನು ವಿಸರ್ಜಿಸುವುದು ಇವೆಲ್ಲವೂ ಮರಿಗಳಲ್ಲಿ ಸಾಮಾನ್ಯ. ಇದು ಕ್ರೌರ್ಯದ ಲಕ್ಷಣವಲ್ಲ, ಭಯದ ಲಕ್ಷಣ. ಗೇಣುದ್ದದ ಮರಿಗೆ ಹಕ್ಕಿ, ಬೆಕ್ಕು, ದೊಡ್ಡ ಹಾವು ಎಲ್ಲವೂ ಶತ್ರುಗಳೇ ಆಗಿದ್ದು, ಮೇಲಿನಿಂದ ಬರುವ ಮನುಷ್ಯನ ಕೈಯೂ ಅದಕ್ಕೆ ಹಾಗೆಯೇ ತೋರುತ್ತದೆ. ಹಲವು ಪೀಳಿಗೆಗಳಿಂದ ಮನುಷ್ಯರ ನಡುವೆ ಬೆಳೆಸಲ್ಪಟ್ಟ ಹಾವಾದುದರಿಂದ, ಕೈಯಿಂದ ಅಪಾಯವಿಲ್ಲವೆಂಬುದನ್ನು ಅದು ಕ್ರಮೇಣ ಅರಿಯುತ್ತದೆ. ಹಾವು ಒಡೆಯನನ್ನು ಪ್ರೀತಿಸುವುದಿಲ್ಲ. ಅವನನ್ನು ಸಹಿಸಲು ಕಲಿಯುತ್ತದೆ ಎಂಬುದೇ ಸರಿಯಾದ ಮಾತು.

ನಿರ್ವಹಣೆಯಲ್ಲಿ ಪಾಲಿಸಬೇಕಾದ ಕ್ರಮಗಳು

1. ಮರಿಯನ್ನು ತಂದ ಮೇಲೆ ಸುಮಾರು ಒಂದು ವಾರ ಮುಟ್ಟದೆ ಬಿಡತಕ್ಕದ್ದು. ಅದು ಆಹಾರ ಸ್ವೀಕರಿಸಲು ಆರಂಭಿಸಿದ ನಂತರವೇ ಎತ್ತಿಕೊಳ್ಳುವುದು ಸೂಕ್ತ.

2. ಕೈಯನ್ನು ಮೇಲಿನಿಂದ ತರದೆ ಪಕ್ಕದಿಂದ ತಂದು, ದೇಹದ ನಡುಭಾಗದಲ್ಲಿ ಆಧಾರ ನೀಡಿ ಎತ್ತಬೇಕು. ತಲೆಯನ್ನು ಒತ್ತಿ ಹಿಡಿಯುವುದಾಗಲಿ, ಬಾಲ ಹಿಡಿದು ಎಳೆಯುವುದಾಗಲಿ ಕೂಡದು.

3. ಆರಂಭದಲ್ಲಿ ಐದು ನಿಮಿಷ ಸಾಕು. ಕ್ರಮೇಣ ಅವಧಿಯನ್ನು ಹೆಚ್ಚಿಸಬಹುದು.

4. ಆಹಾರ ಸೇವಿಸಿದ ನಂತರ 48 ಗಂಟೆಗಳ ಕಾಲ ಮುಟ್ಟಬಾರದು. ಮುಟ್ಟಿದಲ್ಲಿ ನುಂಗಿದ್ದನ್ನು ಕಕ್ಕುವ ಸಂಭವವಿರುತ್ತದೆ.

5. ಕಣ್ಣುಗಳು ಮಸುಕಾಗಿ ನೀಲಿಯಾಗಿ ಕಂಡರೆ ಅದು ಪೊರೆ ಬಿಡುವ ಸಮಯ. ಆಗ ದೃಷ್ಟಿ ಮಂದವಾಗಿ ಬೇಗ ಬೆದರುವುದರಿಂದ ಪೊರೆ ಬಿಡುವವರೆಗೆ ಮುಟ್ಟಬಾರದು.

6. ಪೆಟ್ಟಿಗೆಯ ಒಂದು ಬದಿ 28ರಿಂದ 30 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿದ್ದು, ಇನ್ನೊಂದು ಬದಿ ತಂಪಾಗಿರಬೇಕು. ಡಿಸೆಂಬರ್ ಮತ್ತು ಜನವರಿಯ ರಾತ್ರಿಗಳಲ್ಲಿ ಬೆಂಗಳೂರಿನ ಚಳಿಗೆ ಮರಿಯು ಆಹಾರ ಬಿಡಬಹುದು. ಅಡಗಲು ಮರೆಯೂ, ಕುಡಿಯಲು ನೀರೂ ಸದಾ ಇರಬೇಕು. ಹಾಲು ಹಾವಿನ ಆಹಾರವಲ್ಲ.

7. ಹಾವನ್ನು ಮುಟ್ಟಿದ ನಂತರ ಸಾಬೂನಿನಿಂದ ಕೈ ತೊಳೆಯತಕ್ಕದ್ದು. ಸರೀಸೃಪಗಳಿಂದ ಸಾಲ್ಮೊನೆಲ್ಲಾ ರೋಗಾಣು ಹರಡಬಹುದಾದುದರಿಂದ ಐದು ವರ್ಷದೊಳಗಿನ ಮಕ್ಕಳನ್ನು ದೂರವಿಡಬೇಕು.

ಹಿತ್ತಲಿನಲ್ಲಿ ಕಾಣುವ ಮರಿಗಳು

ಮುಂಗಾರಿನ ತಿಂಗಳುಗಳಲ್ಲಿ ನಮ್ಮ ಹಾವುಗಳ ಮರಿಗಳು ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ. ನಾಗರಹಾವು, ಕೇರೆಹಾವುಗಳು ಮೊಟ್ಟೆಯಿಡುತ್ತವೆ. ಕೊಳಕುಮಂಡಲವು ನೇರವಾಗಿ ಮರಿ ಹಾಕುತ್ತದೆ. ಇಲ್ಲಿಯೇ ಎಚ್ಚರಿಕೆ ಅಗತ್ಯ. ಕಾರ್ನ್ ಹಾವಿನ ಮರಿಯ ಬೂದು ಮೈಮೇಲೆ ಕಪ್ಪು ಅಂಚಿನ ಕಂದು ಮಚ್ಚೆಗಳು ಸಾಲಾಗಿರುತ್ತವೆ. ಕೊಳಕುಮಂಡಲದ ಮರಿಯ ಮೈಮೇಲೆಯೂ ಕಪ್ಪು ಅಂಚಿನ ಕಂದು ಮಚ್ಚೆಗಳ ಸಾಲುಗಳಿರುತ್ತವೆ. ಚಿತ್ರದಲ್ಲಿ ಮಾತ್ರ ಕಾರ್ನ್ ಹಾವನ್ನು ಕಂಡ ಬಾಲಕನೊಬ್ಬ ಹೂಕುಂಡದ ಹಿಂದಿನ ಕೊಳಕುಮಂಡಲದ ಮರಿಗೆ ಕೈ ಚಾಚುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು. ವಿಷದ ಹಾವಿನ ಮರಿಗೆ ಹುಟ್ಟಿದಂದಿನಿಂದಲೇ ವಿಷವಿರುತ್ತದೆ.

ಇದೇ ರೀತಿ ವಿಷರಹಿತವಾದ ತೋಳ ಹಾವು ಮತ್ತು ತೀವ್ರ ವಿಷವುಳ್ಳ ಕಟ್ಟುಹಾವುಗಳು ಒಂದನ್ನೊಂದು ಹೋಲುತ್ತವೆ. ತೋಳ ಹಾವಿನ ಪಟ್ಟೆಗಳು ಕುತ್ತಿಗೆಯ ಬಳಿ ಸ್ಪಷ್ಟವಾಗಿದ್ದು ಬಾಲದ ಕಡೆಗೆ ಮಾಸುತ್ತವೆ. ಕಟ್ಟುಹಾವಿನಲ್ಲಿ ಸಾಮಾನ್ಯವಾಗಿ ಇದಕ್ಕೆ ವಿರುದ್ಧ. ಆದರೆ ಬೆರಳು ದಪ್ಪದ ಮರಿಯಲ್ಲಿ, ರಾತ್ರಿಯ ಬೆಳಕಿನಲ್ಲಿ ಈ ಲಕ್ಷಣಗಳನ್ನು ನಂಬಿ ಯಾರೂ ಹಾವನ್ನು ಮುಟ್ಟಬಾರದು. ಕಟ್ಟುಹಾವಿನ ಕಡಿತದಲ್ಲಿ ನೋವು, ಊತ ಕಾಣದೆಯೂ ಇರಬಹುದು.

ಮನೆಯಲ್ಲಿ ಹಾವು ಕಂಡರೆ ಮಕ್ಕಳನ್ನು ಮತ್ತು ಸಾಕುಪ್ರಾಣಿಗಳನ್ನು ದೂರ ಕಳುಹಿಸಿ, ದೂರದಿಂದಲೇ ಹಾವಿನ ಮೇಲೆ ಕಣ್ಣಿಟ್ಟು, ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಬಹುದು. ಕೊಲ್ಲುವುದು, ಬಾಟಲಿಯಲ್ಲಿ ತುಂಬಿಡುವುದು ಎರಡೂ ತಪ್ಪು. ಇಲಿಗಳನ್ನು ನಿಯಂತ್ರಿಸುವ ಕೇರೆಹಾವು ನಗರಕ್ಕೆ ಉಪಕಾರಿ. ನಾಗರಪಂಚಮಿಯಂದು ಕಲ್ಲಿಗೆ ಸಲ್ಲುವ ಗೌರವವು ಜೀವಂತ ಹಾವಿಗೂ ಸಲ್ಲಬೇಕು.

ಕಾನೂನಿನ ಅಂಶಗಳು

ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಅನ್ವಯ ನಾಗರಹಾವು, ಕೇರೆಹಾವು, ಕೊಳಕುಮಂಡಲ ಸೇರಿದಂತೆ ನಾಡಿನ ಹಾವುಗಳಿಗೆ ರಕ್ಷಣೆಯಿದೆ. ಅವುಗಳನ್ನು ಹಿಡಿಯುವುದೂ ಬೇಟೆಯ ವ್ಯಾಖ್ಯೆಗೆ ಒಳಪಡುತ್ತದೆ. ಸಾಕುವುದು ದಂಡನೀಯ ಅಪರಾಧ. ಈ ಅಧಿನಿಯಮಕ್ಕೆ 2022ರಲ್ಲಿ ಆದ ತಿದ್ದುಪಡಿಯು 1-4-2023ರಿಂದ ಜಾರಿಯಲ್ಲಿದೆ. ಅದರಂತೆ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ, ನಾಲ್ಕನೆಯ ಅನುಸೂಚಿಗೆ ಸೇರಿದ ಬಾಲ್ ಪೈಥಾನ್‌ನಂತಹ ವಿದೇಶಿ ಜೀವಿಗಳನ್ನು ಹೊಂದಿರುವವರು ನೋಂದಾಯಿಸಿಕೊಳ್ಳಬೇಕು. ಕಾರ್ನ್ ಹಾವು ಸೈಟಿಸ್ ಪಟ್ಟಿಯಲ್ಲಿಲ್ಲ. ಹಾಗೆಂದ ಮಾತ್ರಕ್ಕೆ ಕಳ್ಳಸಾಗಣೆಯಿಂದ ಬಂದ ಪ್ರಾಣಿಯನ್ನು ಕೊಳ್ಳುವುದು ಸರಿಯಾಗುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕನ ಸಾಮಾನಿನಲ್ಲಿ 10 ಹಳದಿ ಅನಕೊಂಡಗಳು ಪತ್ತೆಯಾಗಿದ್ದವು. ಆದುದರಿಂದ ಕೊಳ್ಳುವ ಮೊದಲು ಮಾರಾಟಗಾರರಿಂದ ದಾಖಲೆಗಳನ್ನು ಕೇಳಿ ಪಡೆಯತಕ್ಕದ್ದು. ಸಾಕಲಾರದೆ ಹೋದರೂ ವಿದೇಶಿ ಹಾವನ್ನು ಲಾಲ್‌ಬಾಗ್, ಸ್ಯಾಂಕಿ ಕೆರೆ ಮುಂತಾದ ಕಡೆ ಬಿಡಬಾರದು.

ಹಾವು ಕಚ್ಚಿದಲ್ಲಿ

ಸಾಕಿದ ಕಾರ್ನ್ ಹಾವಿನ ಮರಿ ಕಚ್ಚಿದರೆ ಸೂಜಿಯ ಗೀರಿನಷ್ಟು ಗಾಯವಾಗಬಹುದು. ಸಾಬೂನು, ನೀರಿನಿಂದ ತೊಳೆದು ವೈದ್ಯರ ಸಲಹೆ ಪಡೆದರೆ ಸಾಕು. ಹಾವು ಯಾವುದೆಂದು ಕಿಂಚಿತ್ ಸಂದೇಹವಿದ್ದರೂ ಅದನ್ನು ವಿಷದ ಹಾವೆಂದೇ ಪರಿಗಣಿಸಬೇಕು. ಉಂಗುರ, ಬಳೆ, ಗಡಿಯಾರ ತೆಗೆದು, ಕಚ್ಚಿದ ಅಂಗವನ್ನು ಅಲುಗಾಡಿಸದೆ, 108ಕ್ಕೆ ಕರೆ ಮಾಡಿ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆ ಹಾಗೂ ಚಾಮರಾಜಪೇಟೆಗೆ ಸಮೀಪದ ವಿಕ್ಟೋರಿಯಾ ಆಸ್ಪತ್ರೆ ಈ ಭಾಗದ ದೊಡ್ಡ ಸರ್ಕಾರಿ ಆಸ್ಪತ್ರೆಗಳು. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಯಿಂದ ಹೀರುವುದು, ನಾಟಿ ಔಷಧಕ್ಕಾಗಿ ಕಾಲ ಕಳೆಯುವುದು, ಹಾವನ್ನು ಹಿಡಿಯಲು ಹೋಗುವುದು ಸಲ್ಲದು. ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ.

ಭಯಗೊಂಡ ಮರಿಗೆ ಬೇಕಾದುದು ಅಂತರ ಮತ್ತು ತಾಳ್ಮೆ. ಸಾಕಿದ ಮರಿಗೆ ತಾಳ್ಮೆಯನ್ನೂ, ಹಿತ್ತಲಿನ ಮರಿಗೆ ಅಂತರವನ್ನೂ ನೀಡಿ, ತಮ್ಮ ಮಕ್ಕಳಿಗೂ ಇದನ್ನು ತಿಳಿಹೇಳಿ ನಾಗರಿಕರು ಸಹಕರಿಸಬೇಕೆಂದು ಕೋರಲಾಗಿದೆ.