ಹದಿಹರೆಯದವರ ಉಪಟಳ: ಪೊಲೀಸ್ ಕ್ರಮದ ಮಿತಿ ಮತ್ತು ಗ್ರಾಮ ಪಂಚಾಯಿತಿಯ ಹೊಣೆ



ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸಭೆಗಳಲ್ಲಿ ಕುಡಿಯುವ ನೀರು, ಬೀದಿದೀಪ, ವಸತಿ ಪಟ್ಟಿಗಳ ಚರ್ಚೆ ಮುಗಿದ ಬಳಿಕ ಮತ್ತೊಂದು ದೂರು ಕೇಳಿಬರುತ್ತದೆ. ರಾತ್ರಿ ಶಾಲಾ ಆವರಣದಲ್ಲಿ ಕುಳಿತು ಕುಡಿಯುವ ಹುಡುಗರು, ಕಲ್ಲೆಸೆದು ಒಡೆದ ಬೀದಿದೀಪ, ಹೊಲದ ಪಂಪ್‌ಸೆಟ್ಟಿನಿಂದ ಕತ್ತರಿಸಿ ಒಯ್ದ ತಾಮ್ರದ ಕೇಬಲ್, ಶಾಲೆ ಬಿಡುವ ಹೊತ್ತಿಗೆ ಬಸ್ ನಿಲ್ದಾಣದಲ್ಲಿ ಹುಡುಗಿಯರನ್ನು ಚುಡಾಯಿಸುವ ಗುಂಪು, ಸೈಲೆನ್ಸರ್ ಬಿಚ್ಚಿಸಿದ ಬೈಕು. ಇದರ ಬೆನ್ನಿಗೇ ಬರುವ ಮಾತೂ ಒಂದೇ: ‘ಠಾಣೆಗೆ ತಿಳಿಸಿದೆವು, ಕರೆದುಕೊಂಡು ಹೋದರು, ಸಂಜೆಗೆ ಬಿಟ್ಟು ಕಳಿಸಿದರು. ಕೇಸು ಕೂಡ ಹಾಕಲಿಲ್ಲ.’

ಠಾಣೆಯವರು ಕೇಸು ಹಾಕದಿರುವುದು ಬಹುತೇಕ ಸಂದರ್ಭಗಳಲ್ಲಿ ಉದಾಸೀನವಲ್ಲ, ಕಾನೂನಿನ ಪಾಲನೆ. ಇದು ತಿಳಿಯದೆ ಸದಸ್ಯರು ಪೊಲೀಸರ ಮೇಲೆ ಒತ್ತಡ ತಂದರೆ, ಅಥವಾ ಊರಿನವರೇ ಶಿಕ್ಷೆ ಕೊಡಲು ಮುಂದಾದರೆ, ಹುಡುಗನಿಗಿಂತ ಮೊದಲು ದೊಡ್ಡವರೇ ಆರೋಪಿಗಳಾಗುವ ಸಾಧ್ಯತೆ ಇರುತ್ತದೆ. ಆದುದರಿಂದ ಕಾನೂನು ಏನು ಹೇಳುತ್ತದೆ ಎಂಬುದನ್ನು ತುಸು ವಿವರವಾಗಿಯೇ ಇಲ್ಲಿ ನೀಡಲಾಗಿದೆ.

ಎಫ್‌ಐಆರ್ ಏಕೆ ದಾಖಲಾಗುವುದಿಲ್ಲ?

18 ವರ್ಷ ತುಂಬದ ಯಾರೇ ಆಗಲಿ, ಅಪರಾಧದ ಆರೋಪಕ್ಕೆ ಒಳಗಾದರೆ ಅವರಿಗೆ ಅನ್ವಯಿಸುವುದು ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015. ಇದು 2016ರ ಜನವರಿ 15ರಿಂದ ಜಾರಿಯಲ್ಲಿದೆ. ಈ ಕಾಯ್ದೆಯಲ್ಲಿ ಅಂಥವರನ್ನು ‘ಬಾಲಾಪರಾಧಿ’ ಎಂದು ಕರೆಯುವುದಿಲ್ಲ; ‘ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು’ ಎಂದು ಕರೆಯಲಾಗಿದೆ. ಹೆಸರು ಉದ್ದವಾಯಿತೆಂದು ಅನಿಸಬಹುದು. ಆದರೆ ಪತ್ರ ವ್ಯವಹಾರದಲ್ಲಿ ಮತ್ತು ಸಭಾ ನಡವಳಿಯಲ್ಲಿ ಈ ಪದವನ್ನೇ ಬಳಸುವುದು ಸೂಕ್ತ.

ಕಾಯ್ದೆಯು ಅಪರಾಧಗಳನ್ನು ಮೂರಾಗಿ ವಿಂಗಡಿಸುತ್ತದೆ. ಗರಿಷ್ಠ ಶಿಕ್ಷೆ 3 ವರ್ಷದವರೆಗೆ ಇದ್ದರೆ ಸಣ್ಣ ಅಪರಾಧ. ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಘೋರ ಅಪರಾಧ. ಇವೆರಡರ ನಡುವಿನದು ಗಂಭೀರ ಅಪರಾಧ. 2016ರ ಮಾದರಿ ನಿಯಮಗಳ 8ನೇ ನಿಯಮದಂತೆ ಘೋರ ಅಪರಾಧದ ಆರೋಪವಿದ್ದಾಗ ಅಥವಾ ವಯಸ್ಕರೊಡನೆ ಸೇರಿ ಎಸಗಿದ ಆರೋಪವಿದ್ದಾಗ ಮಾತ್ರ ಎಫ್‌ಐಆರ್ ದಾಖಲಿಸಬಹುದು. ಉಳಿದೆಲ್ಲ ಸಂದರ್ಭಗಳಲ್ಲಿ ಪೊಲೀಸರು ಮಾಹಿತಿಯನ್ನು ಠಾಣಾ ದಿನಚರಿಯಲ್ಲಿ ನಮೂದಿಸಿ, ಮಗುವಿನ ಮನೆ, ಓದು, ಸಹವಾಸ ಕುರಿತ ಸಾಮಾಜಿಕ ಹಿನ್ನೆಲೆ ವರದಿಯನ್ನು ಸಿದ್ಧಪಡಿಸಿ ಬಾಲನ್ಯಾಯ ಮಂಡಳಿಗೆ ಕಳುಹಿಸಬೇಕು. ಮಂಡಳಿಯ ಮುಂದೆ ಹಾಜರಾಗಬೇಕಾದ ದಿನವನ್ನು ತಂದೆತಾಯಿಗೆ ತಿಳಿಸಬೇಕು. ವಶಕ್ಕೆ ಪಡೆಯುವ ಅಧಿಕಾರವೂ ಮಗುವಿನ ಹಿತಕ್ಕೆ ಅಗತ್ಯವಿದ್ದಾಗಲ್ಲದೆ ಸಣ್ಣ ಅಪರಾಧಗಳಿಗೆ ಬಳಕೆಯಾಗುವಂತಿಲ್ಲ.

ಕೇಬಲ್ ಕಳವನ್ನೇ ತೆಗೆದುಕೊಳ್ಳೋಣ. ಭಾರತೀಯ ನ್ಯಾಯ ಸಂಹಿತೆಯ ಕಲಂ 303ರ ಅಡಿ ಸಾಮಾನ್ಯ ಕಳವಿಗೆ ಗರಿಷ್ಠ 3 ವರ್ಷ ಶಿಕ್ಷೆ. ಹದಿನಾರರ ಹುಡುಗನೊಬ್ಬನೇ ಹೊಲದಿಂದ ಕೇಬಲ್ ಕದ್ದರೆ ಅದು ಸಣ್ಣ ಅಪರಾಧ, ಎಫ್‌ಐಆರ್ ಇಲ್ಲ. ಬೆಳೆಗೆ ನೀರು ಹಾಯಿಸಬೇಕಾದ ವಾರದಲ್ಲಿ ಪಂಪ್ ನಿಂತ ರೈತನಿಗೆ ಇದು ಸಣ್ಣದಲ್ಲ, ನಿಜ. ಆದರೆ ಆ ತಾಮ್ರವನ್ನು ಹುಡುಗ ತಿನ್ನುವುದಿಲ್ಲ, ಯಾರಿಗೋ ಮಾರುತ್ತಾನೆ. ಕಳವಿನ ಮಾಲೆಂದು ತಿಳಿದು ಕೊಂಡ ಗುಜರಿ ವ್ಯಾಪಾರಿ ವಯಸ್ಕ. ಅವನ ಮೇಲೆ ಕಲಂ 317ರ ಅಡಿ ಎಫ್‌ಐಆರ್ ದಾಖಲಿಸಲು ಬಾಲನ್ಯಾಯ ಕಾಯ್ದೆಯ ಅಡ್ಡಿಯಿಲ್ಲ. ದೂರು ಕೊಡುವಾಗ ಹುಡುಗನ ಹೆಸರಷ್ಟನ್ನೇ ಹೇಳಿ ಬರುವುದು ನಮ್ಮಲ್ಲಿನ ರೂಢಿ. ಮಾಲು ಎಲ್ಲಿಗೆ ಹೋಯಿತು ಎಂಬುದನ್ನೂ ಬರೆದುಕೊಟ್ಟರೆ ತನಿಖೆಯ ದಿಕ್ಕೇ ಬದಲಾಗುತ್ತದೆ. ಗುಜರಿ ಅಂಗಡಿಯ ಪರವಾನಗಿ ನವೀಕರಣ ನಮ್ಮ ಪಂಚಾಯಿತಿಯ ಕಡತದಲ್ಲೇ ಇರುತ್ತದೆ ಎಂಬುದು ನೆನಪಿರಲಿ.

ಮದ್ಯ ಮತ್ತು ಗಾಂಜಾ ವಿಷಯದಲ್ಲಿಯೂ ಹೀಗೆಯೇ. ಮಗುವಿಗೆ ಮದ್ಯ, ಮಾದಕ ವಸ್ತು ಅಥವಾ ತಂಬಾಕು ಕೊಟ್ಟವರಿಗೆ ಬಾಲನ್ಯಾಯ ಕಾಯ್ದೆಯ ಕಲಂ 77ರಂತೆ 7 ವರ್ಷದವರೆಗೆ ಕಠಿಣ ಸಜೆ ಮತ್ತು 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಅವನ್ನು ಸಾಗಿಸಲು ಅಥವಾ ಮಾರಲು ಮಕ್ಕಳನ್ನು ಬಳಸಿದವರಿಗೆ ಕಲಂ 78ರಂತೆ ಅಷ್ಟೇ ಪ್ರಮಾಣದ ಶಿಕ್ಷೆಯಿದೆ. ಶಾಲೆಯ ಗೋಡೆಗೆ ಆನಿಸಿಕೊಂಡಿರುವ ಪಾನ್ ಡಬ್ಬಿ ಯಾರದು, ಕಿರಾಣಿ ಅಂಗಡಿಯಲ್ಲಿ ಅಕ್ರಮವಾಗಿ ಮದ್ಯ ಮಾರುವವರು ಯಾರು ಎಂಬುದು ಊರಿನಲ್ಲಿ ಎಲ್ಲರಿಗೂ ತಿಳಿದಿರುತ್ತದೆ. ಸಭೆಯಲ್ಲಿ ಮಾತ್ರ ಯಾರೂ ಹೇಳುವುದಿಲ್ಲ. ಶಿಕ್ಷಣ ಸಂಸ್ಥೆಯ 100 ಗಜದೊಳಗೆ ತಂಬಾಕು ಮಾರಾಟವನ್ನು 2003ರ ಕೋಟ್ಪಾ ಕಾಯ್ದೆ ನಿಷೇಧಿಸಿದೆ. ಆ ಅಂತರವನ್ನು ಟೇಪು ಹಿಡಿದು ಅಳೆಯಲು ಅರ್ಧ ಗಂಟೆ ಸಾಕು.

ಠಾಣೆಯಲ್ಲಿ ನಡೆಯಬೇಕಾದದ್ದು

ಪ್ರತಿ ಠಾಣೆಯಲ್ಲಿಯೂ ಎಎಸ್‌ಐ ದರ್ಜೆಗಿಂತ ಕಡಿಮೆಯಿಲ್ಲದ ಒಬ್ಬರು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಎಂದು ನಿಯೋಜಿತರಾಗಿರುತ್ತಾರೆ. ಜಿಲ್ಲಾ ಮಟ್ಟದಲ್ಲಿ ವಿಶೇಷ ಮಕ್ಕಳ ಪೊಲೀಸ್ ಘಟಕವಿರುತ್ತದೆ. ಮಸ್ಕಿ, ಮುದಗಲ್, ಹಟ್ಟಿ, ತುರ್ವಿಹಾಳ, ಬಳಗಾನೂರು ಹೀಗೆ ತಮ್ಮ ವ್ಯಾಪ್ತಿಗೆ ಬರುವ ಠಾಣೆಯಲ್ಲಿ ಈ ಅಧಿಕಾರಿ ಯಾರು ಎಂಬುದನ್ನು ಕೇಳಿ ತಿಳಿದು, ದೂರವಾಣಿ ಸಂಖ್ಯೆಯನ್ನು ಪಂಚಾಯಿತಿ ಕಚೇರಿಯಲ್ಲಿ ಬರೆದಿಡುವುದು ಅವಶ್ಯ. ಬೀಟ್ ಸಿಬ್ಬಂದಿಯ ಪರಿಚಯ ನಮ್ಮ ಸದಸ್ಯರಿಗೆ ಇರುತ್ತದೆ. ಈ ಅಧಿಕಾರಿಯ ಪರಿಚಯ ಇರುವುದು ವಿರಳ.

ವಶಕ್ಕೆ ಪಡೆದ ಮಗುವನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, ಬೇಡಿ ಹಾಕುವಂತಿಲ್ಲ. ಪ್ರಯಾಣದ ಸಮಯ ಹೊರತುಪಡಿಸಿ 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಂಡಳಿಯಲ್ಲಿ ಒಬ್ಬರು ನ್ಯಾಯಾಧೀಶರು ಮತ್ತು ಇಬ್ಬರು ಸಮಾಜ ಕಾರ್ಯಕರ್ತರಿದ್ದು, ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಜಾಮೀನು ನೀಡುವುದೇ ನಿಯಮ, ನಿರಾಕರಿಸುವುದು ಅಪವಾದ. ಆದುದರಿಂದ ‘ನಾಲ್ಕು ದಿನ ಒಳಗೆ ಹಾಕಿ, ಬುದ್ಧಿ ಬರಲಿ’ ಎಂದು ಸದಸ್ಯರು ದೂರವಾಣಿಯಲ್ಲಿ ಹೇಳುವುದು, ಅಧಿಕಾರಿಯನ್ನು ಕಾನೂನು ಮುರಿಯಲು ಕೇಳಿಕೊಂಡಂತೆಯೇ ಆಗುತ್ತದೆ.

ಜಿಲ್ಲಾ ಕೇಂದ್ರವಾದ ರಾಯಚೂರು ಸಿಂಧನೂರಿನಿಂದ 80 ಕಿ.ಮೀ.ಗೂ ಹೆಚ್ಚು ದೂರ. ಕೂಲಿಯನ್ನೇ ನಂಬಿದ ತಾಯಿಯೊಬ್ಬಳು ಪ್ರತಿ ವಿಚಾರಣೆಗೆ ಮಗನನ್ನು ಕರೆದೊಯ್ದರೆ ಆ ದಿನದ ಕೂಲಿಯೂ ಹೋಯಿತು, ಬಸ್ ಖರ್ಚೂ ಆಯಿತು. ಹೀಗೆ ಹಾಜರಿ ತಪ್ಪಿದರೆ ಮಾತ್ರ ಪ್ರಕರಣ ಬಿಗಡಾಯಿಸುತ್ತದೆ. ಆ ವಾರ್ಡಿನ ಸದಸ್ಯರು ದಿನಾಂಕ ನೆನಪಿಸಿದರೂ ಅದು ದೊಡ್ಡ ಸಹಾಯ.

ವಯಸ್ಸಿನ ಪ್ರಶ್ನೆಯೂ ಪಂಚಾಯಿತಿಯ ಬಾಗಿಲಿಗೆ ಬರುತ್ತದೆ. ಕಲಂ 94ರಂತೆ ಮೊದಲು ಶಾಲೆಯ ಜನ್ಮ ದಿನಾಂಕ ಪ್ರಮಾಣಪತ್ರ ಅಥವಾ ಎಸ್‌ಎಸ್‌ಎಲ್‌ಸಿ ದಾಖಲೆ, ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಶಾಲೆಗೆ ಸೇರಿಸುವಾಗ ಎಷ್ಟೋ ಮಕ್ಕಳಿಗೆ ಜೂನ್ 1 ಎಂದು ಬರೆಸಿದ ಜನ್ಮ ದಿನಾಂಕ ವರ್ಷಗಳ ನಂತರ ಹುಡುಗನೊಬ್ಬನ ಪಾಲಿಗೆ ಮಂಡಳಿಯೋ ಸಾಮಾನ್ಯ ನ್ಯಾಯಾಲಯವೋ ಎಂಬುದನ್ನು ನಿರ್ಧರಿಸಿಬಿಡಬಹುದು.

2012ರ ಡಿಸೆಂಬರಿನ ದೆಹಲಿ ಪ್ರಕರಣದ ಆರೋಪಿಗಳಲ್ಲಿ ಒಬ್ಬನಿಗೆ 18 ತುಂಬಿರಲಿಲ್ಲ. ಆಗ ಎದ್ದ ಆಕ್ರೋಶದ ಫಲವಾಗಿ 2015ರ ಕಾಯ್ದೆಯಲ್ಲಿ ಹೊಸ ಅವಕಾಶ ಸೇರಿತು: 16ರಿಂದ 18ರೊಳಗಿನವರು ಘೋರ ಅಪರಾಧ ಎಸಗಿದ ಆರೋಪವಿದ್ದರೆ, ಪ್ರಾಥಮಿಕ ಮೌಲ್ಯಮಾಪನದ ನಂತರ ಅವರನ್ನು ವಯಸ್ಕರಂತೆ ವಿಚಾರಣೆಗೆ ಒಳಪಡಿಸಬಹುದು. ಆದ್ದರಿಂದ ‘ಮೈನರ್ ಇದ್ದಾನೆ, ಏನೂ ಆಗುವುದಿಲ್ಲ’ ಎಂದು ಹಿರಿಯರು ಕೊಡುವ ಧೈರ್ಯವೂ ಸುಳ್ಳೇ.

ಊರಿನವರು ಮಾಡಬಾರದ್ದು

ಸಿಕ್ಕಿಬಿದ್ದ ಹುಡುಗನನ್ನು ಕಂಬಕ್ಕೆ ಕಟ್ಟುವುದು, ತಲೆ ಬೋಳಿಸುವುದು, ವಿಡಿಯೊ ಮಾಡಿ ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕುವುದು. ಕಟ್ಟಿದವರ ಮೇಲೆ ಅಕ್ರಮ ಬಂಧನ ಮತ್ತು ಹಲ್ಲೆಯ ಪ್ರಕರಣವಾಗುತ್ತದೆ. ಮಗುವಿನ ಗುರುತು ಬಹಿರಂಗಪಡಿಸಿದವರಿಗೆ ಕಲಂ 74ರಂತೆ 6 ತಿಂಗಳವರೆಗೆ ಸಜೆ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ವಿಧಿಸಬಹುದು. ಇದು ಪತ್ರಿಕೆಗಷ್ಟೇ ಅಲ್ಲ, ಯಾವುದೇ ಸಂವಹನ ಮಾಧ್ಯಮಕ್ಕೂ ಅನ್ವಯ. ಪಂಚಾಯಿತಿ ಸದಸ್ಯರೇ ಅಡ್ಮಿನ್ ಆಗಿರುವ ಗುಂಪುಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಸಭಾ ನಡವಳಿಯಲ್ಲಿ ಸಹ ಹುಡುಗನ ಹೆಸರಾಗಲಿ ತಂದೆಯ ಹೆಸರಾಗಲಿ ಬರೆಯಕೂಡದು.

ಇನ್ನೊಂದು, ಕಟ್ಟೆಯ ರಾಜಿ. ಎರಡು ಮನೆಯ ಹುಡುಗರ ಹೊಡೆದಾಟವನ್ನು ಹಿರಿಯರು ಬುದ್ಧಿಮಾತು ಹೇಳಿ ತಣಿಸುವುದರಲ್ಲಿ ತಪ್ಪಿಲ್ಲ. ಆದರೆ 18 ವರ್ಷದೊಳಗಿನ ಹುಡುಗಿಯನ್ನು ಹಿಂಬಾಲಿಸುವುದು, ಲೈಂಗಿಕ ಉದ್ದೇಶದ ಚುಡಾಯಿಸುವಿಕೆ, ಸ್ಪರ್ಶ ಇವೆಲ್ಲ 2012ರ ಪೋಕ್ಸೊ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಮಾಹಿತಿ ಇದ್ದೂ ಪೊಲೀಸರಿಗೆ ತಿಳಿಸದಿರುವುದೇ ಆ ಕಾಯ್ದೆಯಲ್ಲಿ ಅಪರಾಧ. ‘ಹುಡುಗಿಯ ಮರ್ಯಾದೆ’ಯ ಹೆಸರಿನಲ್ಲಿ ಮುಚ್ಚಿಹಾಕುವ ರಾಜಿಯ ನಂತರ ಶಾಲೆ ಬಿಡುವವಳು ಸಾಮಾನ್ಯವಾಗಿ ಹುಡುಗಿಯೇ, ಹುಡುಗ ಅದೇ ನಿಲ್ದಾಣದಲ್ಲಿ ನಿಂತಿರುತ್ತಾನೆ. 1098 ಅಥವಾ 112ಕ್ಕೆ ಕರೆ ಮಾಡಲು ಯಾರ ಅನುಮತಿಯೂ ಬೇಕಿಲ್ಲ.

ಬೈಕು ಮತ್ತು ಟ್ರ್ಯಾಕ್ಟರ್

ಇಲ್ಲಿ ಕಾನೂನಿನ ಕಣ್ಣು ನೇರವಾಗಿ ತಂದೆಯ ಮೇಲಿದೆ. 2019ರ ಸೆಪ್ಟೆಂಬರ್ 1ರಿಂದ ಜಾರಿಯಾದ ಮೋಟಾರು ವಾಹನ ಕಾಯ್ದೆಯ ಕಲಂ 199ಎ ಪ್ರಕಾರ ಅಪ್ರಾಪ್ತರು ವಾಹನ ಚಲಾಯಿಸಿ ಅಪರಾಧ ಎಸಗಿದರೆ ಪೋಷಕರು ಅಥವಾ ವಾಹನದ ಮಾಲೀಕರೇ ತಪ್ಪಿತಸ್ಥರೆಂದು ಭಾವಿಸಲಾಗುತ್ತದೆ. 3 ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ, ವಾಹನದ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಇಲ್ಲ. 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ 17ರ ಹುಡುಗ ಓಡಿಸುತ್ತಿದ್ದ ಐಷಾರಾಮಿ ಕಾರು ಬಡಿದು ಇಬ್ಬರು ಯುವ ಎಂಜಿನಿಯರುಗಳು ಸತ್ತಾಗ ದೇಶವೆಲ್ಲ ಚರ್ಚಿಸಿತು. ನಮ್ಮ ಕಾಲುವೆ ರಸ್ತೆಗಳ ಮೇಲೆ ಭತ್ತದ ಸುಗ್ಗಿಯಲ್ಲಿ ಹದಿನೈದರ ಹುಡುಗ ಟ್ರೇಲರ್ ಸಹಿತ ಟ್ರ್ಯಾಕ್ಟರ್ ಓಡಿಸುವುದನ್ನು ಮಾತ್ರ ನಾವು ದುಡಿಮೆ ಎಂದು ಮೆಚ್ಚುತ್ತೇವೆ. ಕಾಯ್ದೆಗೆ ಟ್ರ್ಯಾಕ್ಟರ್ ಕೂಡ ಮೋಟಾರು ವಾಹನವೇ.

ಪಂಚಾಯಿತಿಯ ಕೈಯಲ್ಲಿರುವುದು

ಕಾಲುವೆ ಸೋರಿದರೆ ಎಂಜಿನಿಯರು ಮೊದಲು ಕೇಳುವುದು ಎಲ್ಲಿ, ಯಾವಾಗ ಎಂದು. ಇಲ್ಲಿಯೂ ಅದೇ ಕೆಲಸಕ್ಕೆ ಬರುತ್ತದೆ. ಬಂದ ದೂರುಗಳನ್ನು ಒಂದು ವಹಿಯಲ್ಲಿ ಸ್ಥಳ, ದಿನ, ಗಂಟೆ ಸಹಿತ ಬರೆಯುತ್ತಾ ಹೋದರೆ (ಹೆಸರು ಬೇಡ) ಮೂರು ತಿಂಗಳಲ್ಲಿ ಚಿತ್ರ ಸ್ಪಷ್ಟವಾಗುತ್ತದೆ. ‘ಊರಿನ ಹುಡುಗರೆಲ್ಲ ಕೆಟ್ಟಿದ್ದಾರೆ’ ಎಂಬ ದೂರು ಕೊನೆಗೆ ದೀಪವಿಲ್ಲದ ಒಂದು ಕಂಬ, ಬೀಗವಿಲ್ಲದ ಒಂದು ಹಳೆಯ ಶಾಲಾ ಕೊಠಡಿ, ರಾತ್ರಿ ಎಂಟರಿಂದ ಹತ್ತರವರೆಗಿನ ಎರಡು ಗಂಟೆಗೆ ಇಳಿಯುವುದುಂಟು. ದೀಪ ಹಾಕಿಸುವುದು, ಪಾಳು ಕಟ್ಟಡ ತೆರವಿಗೆ ಪತ್ರ ಬರೆಯುವುದು ನಮ್ಮದೇ ಕೆಲಸ. ಬೀಟ್ ಪೊಲೀಸರಿಗೂ ಊರಿಡೀ ಸುತ್ತುವ ಬದಲು ಆ ಎರಡು ಗಂಟೆಗೆ ಆ ಜಾಗಕ್ಕೆ ಬನ್ನಿ ಎಂದು ನಿಖರವಾಗಿ ಕೋರಬಹುದು.

ನಮ್ಮ ತಾಲ್ಲೂಕುಗಳಲ್ಲಿ ತಂದೆತಾಯಿ ಬೆಂಗಳೂರಿಗೆ ದುಡಿಯಲು ಹೋಗಿ, ಅಜ್ಜಿಯೊಡನೆ ಉಳಿದ ಹುಡುಗರಿದ್ದಾರೆ. ಶಾಲೆ ಬಿಟ್ಟವನಿಗೆ ಹಗಲಿಗೆ ಕೂಲಿ ಇದೆ, ಕೈಯಲ್ಲಿ ಹಣವಿದೆ, ಸಂಜೆಗೆ ಹೋಗಲು ಜಾಗವಿಲ್ಲ. ಅರಿವು ಕೇಂದ್ರ ಸಂಜೆ ತೆರೆದಿರುತ್ತದೆಯೇ ಎಂಬುದನ್ನು ಪರಿಶೀಲಿಸಬೇಕು. 6ರಿಂದ 18 ವರ್ಷದ ಮಕ್ಕಳಿಗೆ ‘ಓದುವ ಬೆಳಕು’ ಕಾರ್ಯಕ್ರಮದಡಿ ಅಲ್ಲಿ ಸದಸ್ಯತ್ವ ಉಚಿತ. ಆದರೆ ಪುಸ್ತಕ ಎಲ್ಲ ಹುಡುಗರನ್ನೂ ಹಿಡಿದಿಡುತ್ತದೆ ಎಂದು ನಂಬುವಷ್ಟು ಸರಳರಾಗುವುದು ಬೇಡ. ವಾಲಿಬಾಲ್ ಅಂಕಣಕ್ಕೆ ಒಂದು ಬಲೆ, ಎರಡು ಎಲ್‌ಇಡಿ ದೀಪ ಇಷ್ಟಕ್ಕೆ ಆಗುವ ವೆಚ್ಚ ಒಡೆದ ದೀಪಗಳನ್ನು ವರ್ಷವಿಡೀ ಬದಲಿಸುವ ವೆಚ್ಚಕ್ಕಿಂತ ಹೆಚ್ಚಾಗಲಾರದು.

ಪೊಲೀಸ್ ಇಲಾಖೆಯ ‘ತೆರೆದ ಮನೆ’ ಕಾರ್ಯಕ್ರಮದಡಿ ಶಾಲಾ ಮಕ್ಕಳು ಠಾಣೆಗೆ ಭೇಟಿ ನೀಡುತ್ತಾರೆ. ಕೇರಳದಲ್ಲಿ 2010ರಲ್ಲಿ ಆರಂಭವಾದ ವಿದ್ಯಾರ್ಥಿ ಪೊಲೀಸ್ ಕೆಡೆಟ್ ಯೋಜನೆ 2018ರಲ್ಲಿ ದೇಶಕ್ಕೆ ವಿಸ್ತರಿಸಿತು. ಇವು ಒಳ್ಳೆಯವೇ, ಆದರೆ ಶಾಲೆಗೆ ಬರುವವರನ್ನು ಮಾತ್ರ ತಲುಪುತ್ತವೆ.

ಇದುವರೆಗೆ ಹೆಚ್ಚು ಬಳಕೆಯಾಗದ ಅವಕಾಶವೊಂದಿದೆ. ಕಲಂ 18ರಂತೆ ಮಂಡಳಿಯು ಬುದ್ಧಿವಾದ, ಆಪ್ತಸಮಾಲೋಚನೆ, ದಂಡ, ಸನ್ನಡತೆಯ ಮೇಲೆ ಬಿಡುಗಡೆ ಇವುಗಳೊಂದಿಗೆ ಸಮುದಾಯ ಸೇವೆಯನ್ನೂ ಆದೇಶಿಸಬಹುದು. 14 ವರ್ಷ ದಾಟಿದವರಿಗೆ ಉದ್ಯಾನ ನಿರ್ವಹಣೆ, ವೃದ್ಧರ ಆರೈಕೆ, ಆಸ್ಪತ್ರೆಯಲ್ಲಿ ನೆರವು ಇಂಥ ಕೆಲಸಗಳು ಅದರಲ್ಲಿ ಸೇರಿವೆ. ಆದರೆ ಹಳ್ಳಿಯ ಹುಡುಗನಿಗೆ ಸಂಸ್ಥೆ ಎಲ್ಲಿ, ಮೇಲ್ವಿಚಾರಣೆ ಯಾರದು ಎಂಬ ಪ್ರಶ್ನೆ ಏಳುತ್ತದೆ. ನರ್ಸರಿಯ ಸಸಿಗಳಿಗೆ ನೀರು, ಅರಿವು ಕೇಂದ್ರದ ಪುಸ್ತಕಗಳ ಜೋಡಣೆ, ಕೆರೆ ಏರಿಯ ಗಿಡಗಳ ರಕ್ಷಣೆ ಇಂಥ ಕೆಲಸಗಳಿಗೆ ಪಂಚಾಯಿತಿ ಸಿದ್ಧವಿದೆ ಎಂದು ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯಲ್ಲಿ ತೀರ್ಮಾನಿಸಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಪರಿವೀಕ್ಷಣಾಧಿಕಾರಿಗೆ ಪತ್ರ ಬರೆಯಬಹುದು. ಕೆಲಸ ಮಾಡುವವನು ಯಾವ ಕಾರಣಕ್ಕೆ ಬಂದಿದ್ದಾನೆ ಎಂಬುದು ಮೇಲ್ವಿಚಾರಕರ ಹೊರತು ಬೇರೆ ಯಾರಿಗೂ ತಿಳಿಯಬಾರದು.

ಮಕ್ಕಳ ಗ್ರಾಮ ಸಭೆಯ ಪ್ರಚಾರವನ್ನು ಶಾಲೆಗಳಿಗೆ ಸೀಮಿತಗೊಳಿಸದೆ, ಶಾಲೆ ಬಿಟ್ಟು ಗ್ಯಾರೇಜು, ಹೋಟೆಲು, ಹೊಲಗಳಲ್ಲಿ ದುಡಿಯುವ ಹುಡುಗರಿಗೂ ಮನೆಗೆ ಹೋಗಿ ತಿಳಿಸತಕ್ಕದ್ದು. ಸಭೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ಅವರು ಬರಲಾರರು. ಸಂಜೆ ಐದರ ನಂತರ ನಿಗದಿಪಡಿಸುವುದು ಸೂಕ್ತ. ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯನ್ನೂ ಆಹ್ವಾನಿಸಿ. ಅವರು ಸಮವಸ್ತ್ರವಿಲ್ಲದೆ ಬರುವಂತೆ ಆಹ್ವಾನ ಪತ್ರದಲ್ಲಿಯೇ ಕೋರುವುದು ಒಳಿತು.