ಧಾರಣೆ ತಿಳಿದರೆ ಸಾಕೇ? ಕೃಷಿ ಮಾರುಕಟ್ಟೆಯ ಕುರಿತ ಕೆಲವು ಸಂಶೋಧನೆಗಳು

ಕೃಷಿ ಮಾರುಕಟ್ಟೆಯ ದಿನದ ಧಾರಣೆ ಇಂದು ಮೊಬೈಲಿನಲ್ಲಿಯೇ ದೊರೆಯುತ್ತದೆ. ಮೆಕ್ಕೆಜೋಳಕ್ಕೆ ದಾವಣಗೆರೆಯಲ್ಲಿ ಎಷ್ಟು, ರಾಣೆಬೆನ್ನೂರಿನಲ್ಲಿ ಎಷ್ಟು ಎಂಬುದನ್ನು ಹೊಲದ ಬದುವಿನ ಮೇಲೆ ನಿಂತೇ ತಿಳಿಯಬಹುದಾಗಿದೆ. ಆದರೆ ಧಾರಣೆ ತಿಳಿದ ಮಾತ್ರಕ್ಕೆ ಆ ಧಾರಣೆ ರೈತನಿಗೆ ದಕ್ಕುತ್ತದೆಯೇ? ಈ ಪ್ರಶ್ನೆಯನ್ನು ಕೃಷಿ ಅರ್ಥಶಾಸ್ತ್ರಜ್ಞರು ಕಳೆದ ಎರಡು ದಶಕಗಳಿಂದ ನಮ್ಮ ದೇಶದ ಮಾರುಕಟ್ಟೆಗಳಲ್ಲಿಯೇ ಪರೀಕ್ಷಿಸುತ್ತ ಬಂದಿದ್ದಾರೆ. ಅವರು ಕಂಡುಕೊಂಡ ಉತ್ತರ ಒಂದೇ ಬಗೆಯದಲ್ಲ. ವಿದ್ವತ್ ಪತ್ರಿಕೆಗಳಲ್ಲಿ ಉಳಿದುಹೋಗುವ ಈ ವಿಚಾರಗಳು ಬೆಳೆ ಮಾರುವವರಿಗೂ ತಿಳಿಯಬೇಕೆಂಬ ಉದ್ದೇಶದಿಂದ ಇಲ್ಲಿ ಕೆಲವನ್ನು ನಿವೇದಿಸುತ್ತಿದ್ದೇವೆ.

ಮೊದಲನೆಯದು ಕೇರಳದ ಕಡಲತೀರದ್ದು. 1997ರ ಜನವರಿ 14ರಂದು ವಡಕರ ಎಂಬ ಊರಿನ ತೀರಕ್ಕೆ ಬೂತಾಯಿ ಮೀನು ತಂದ 11 ಮಂದಿ ಬೆಸ್ತರು ಕೊಳ್ಳುವವರಿಲ್ಲದೆ ತಮ್ಮ ಸರಕನ್ನು ಚೆಲ್ಲಬೇಕಾಯಿತು. ಅದೇ ಹೊತ್ತಿನಲ್ಲಿ ಅಲ್ಲಿಂದ 15 ಕಿಲೋಮೀಟರ್ ಒಳಗಿನ ತೀರಗಳಲ್ಲಿ 27 ಮಂದಿ ಖರೀದಿದಾರರು ಮೀನು ಸಿಗದೆ ಬರಿಗೈಯಲ್ಲಿ ಹೊರಡಲು ಸಿದ್ಧರಾಗಿದ್ದರು. ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞರು 2007ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಘಟನೆ ದಾಖಲಾಗಿದೆ. ಮೀನಿನ ವಿಚಾರ ನಮ್ಮ ಓದುಗರಲ್ಲಿ ಬಹುತೇಕರಿಗೆ ದೂರದ್ದೆನಿಸಬಹುದು. ಆದರೆ ಸಂಜೆಯೊಳಗೆ ಮಾರಾಟವಾಗದಿದ್ದರೆ ಕೊಳೆತುಹೋಗುವ ಸರಕಿನ ಸಂಕಟ ಟೊಮೇಟೊ ಬೆಳೆದು ರಸ್ತೆಬದಿಗೆ ಸುರಿದವರಿಗೆ ಹೊಸತೇನಲ್ಲ.

ಕೇರಳದ ಆ ಭಾಗಕ್ಕೆ ಮೊಬೈಲ್ ಸೇವೆ ಒಮ್ಮೆಲೇ ಬರಲಿಲ್ಲ. ಕೋಯಿಕ್ಕೋಡ್ ಸುತ್ತಿನಲ್ಲಿ 1997ರಲ್ಲಿ, ಕಣ್ಣೂರಿನಲ್ಲಿ 1998ರಲ್ಲಿ, ಕನ್ನಡಿಗರಿಗೆ ಚಿರಪರಿಚಿತವಾದ ಕಾಸರಗೋಡಿನಲ್ಲಿ 2000ದಲ್ಲಿ ಬಂದಿತು. ಸಂಶೋಧಕರಿಗೆ ಬೇಕಾಗಿದ್ದುದು ಇದೇ. ಒಂದು ಊರಿನಲ್ಲಿ ಫೋನ್ ಬಂದ ಮೇಲೆ ಬೆಲೆ ಬದಲಾಯಿತೆಂದರೆ ಅದಕ್ಕೆ ಫೋನೇ ಕಾರಣವೆನ್ನಲಾಗದು. ಆ ವರ್ಷ ಮೀನು ಹೆಚ್ಚು ಸಿಕ್ಕಿರಬಹುದು, ಡೀಸೆಲ್ ಬೆಲೆ ಏರಿರಬಹುದು. ಆದರೆ ಫೋನ್ ಬಂದ ಊರಿನ ಬದಲಾವಣೆಯನ್ನು ಇನ್ನೂ ಬಾರದ ನೆರೆಯೂರಿನೊಂದಿಗೆ ತೂಗಿ ನೋಡಿದರೆ ಎರಡೂ ಕಡೆಗೆ ಸಮಾನವಾದ ಕಾರಣಗಳು ಕಳೆದುಹೋಗಿ ಫೋನಿನ ಪರಿಣಾಮ ಮಾತ್ರ ಉಳಿಯುತ್ತದೆ. ಹೊಲದ ಒಂದು ಮಡಿಗೆ ಗೊಬ್ಬರ ಹಾಕಿ, ಪಕ್ಕದ ಮಡಿಯನ್ನು ಹಾಗೆಯೇ ಬಿಟ್ಟು ಇಳುವರಿಯನ್ನು ಹೋಲಿಸುವ ಕ್ರಮವೇ ಇದು. ಫಲಿತಾಂಶ ಅಚ್ಚರಿಯದಾಗಿತ್ತು. ದೋಣಿಯಿಂದಲೇ ಕರೆ ಮಾಡಿ ಯಾವ ತೀರದಲ್ಲಿ ಗಿರಾಕಿಗಳಿದ್ದಾರೆಂದು ತಿಳಿದು ಅಲ್ಲಿಗೇ ತೆರಳತೊಡಗಿದ ಮೇಲೆ, ಮೊದಲು ದಿನದ ಮೀನಿನಲ್ಲಿ ಶೇ. 5ರಿಂದ 8ರಷ್ಟು ವ್ಯರ್ಥವಾಗುತ್ತಿದ್ದುದು ಹೆಚ್ಚುಕಡಿಮೆ ನಿಂತೇಹೋಯಿತು. ಬೆಸ್ತರ ಲಾಭ ಸರಾಸರಿ ಶೇ. 8ರಷ್ಟು ಏರಿತು, ಕೊಂಡು ತಿನ್ನುವವರು ತೆರುವ ಬೆಲೆ ಶೇ. 4ರಷ್ಟು ಇಳಿಯಿತು. ಮಾರುವವನಿಗೂ ಕೊಳ್ಳುವವನಿಗೂ ಏಕಕಾಲಕ್ಕೆ ಒಳಿತಾಗುವುದು ಮಾರುಕಟ್ಟೆಯಲ್ಲಿ ಅಪರೂಪ.

ಈ ಪ್ರಬಂಧ ಹೆಸರಾದ ಬಳಿಕ ರೈತರಿಗೆ ಮಾಹಿತಿಯೊಂದನ್ನು ಕೊಟ್ಟರೆ ಎಲ್ಲವೂ ಸರಿಹೋಗುತ್ತದೆಂಬ ಉತ್ಸಾಹ ಹಬ್ಬಿತು. ಅದು ಬಹುಕಾಲ ಉಳಿಯಲಿಲ್ಲ. ಮಹಾರಾಷ್ಟ್ರದ 100 ಹಳ್ಳಿಗಳಲ್ಲಿ ಫಾಫ್‌ಶಾಂಪ್ಸ್ ಮತ್ತು ಮಿಂಟನ್ ಎಂಬ ವಿದ್ವಾಂಸರು ಕೆಲವು ರೈತರಿಗೆ ಬೆಲೆ ಹಾಗೂ ಹವಾಮಾನದ ಎಸ್‌ಎಂಎಸ್ ಸೇವೆಯನ್ನು ಒಂದು ವರ್ಷ ಉಚಿತವಾಗಿ ಒದಗಿಸಿ, ಉಳಿದವರೊಂದಿಗೆ ಹೋಲಿಸಿದರು. ರೈತರಿಗೆ ದೊರೆತ ಬೆಲೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಪಶ್ಚಿಮ ಬಂಗಾಳದ ಆಲೂಗಡ್ಡೆ ಬೆಳೆಗಾರರಿಗೆ ಸಗಟು ಪೇಟೆಯ ಬೆಲೆಯನ್ನು ದಿನನಿತ್ಯ ತಿಳಿಸಿದ ಇನ್ನೊಂದು ಅಧ್ಯಯನದಲ್ಲಿಯೂ ಸರಾಸರಿ ಬೆಲೆ ಏರಲಿಲ್ಲ. ಅಲ್ಲಿ ಪೇಟೆಯ ದೊಡ್ಡ ವ್ಯಾಪಾರಿ ಗುರುತಿಲ್ಲದ ರೈತನಿಂದ ನೇರವಾಗಿ ಕೊಳ್ಳುವುದಿಲ್ಲ. ಊರಿನ ವ್ಯಾಪಾರಿಯ ಮೂಲಕವೇ ಮಾರಬೇಕಾದಾಗ ಪೇಟೆಯ ಧಾರಣೆ ತಿಳಿದು ಪ್ರಯೋಜನವೇನು? ಬೆಸ್ತನು ದೋಣಿಯ ದಿಕ್ಕನ್ನು ಬದಲಿಸಬಲ್ಲವನಾಗಿದ್ದನು. ಆಲೂಗಡ್ಡೆಯ ರೈತನಿಗೆ ಆ ದಾರಿ ಮುಚ್ಚಿತ್ತು. ವ್ಯತ್ಯಾಸವಿರುವುದು ಇಲ್ಲಿಯೇ ಎಂದು ನಾವು ಭಾವಿಸುತ್ತೇವೆ.

ಇನ್ನು ನಮ್ಮ ನಾಡಿನ ವಿಚಾರ. ಕೃಷಿ ಉತ್ಪನ್ನ ಮಾರುಕಟ್ಟೆಗೆ ರೈತನು ತಂದ ಮಾಲಿಗೆ ಲಾಟ್ ಸಂಖ್ಯೆ ಕೊಟ್ಟು, ದಲಾಲಿ ಅಂಗಡಿಯ ಮುಂದೆ ರಾಶಿ ಹಾಕಿಸಿ, ಖರೀದಿದಾರರು ನೋಡಿ ಟೆಂಡರ್ ಬರೆಯುವ ಪದ್ಧತಿಯನ್ನು ನಮ್ಮ ರೈತರೆಲ್ಲ ಬಲ್ಲರು. ಆ ಪದ್ಧತಿಯಲ್ಲಿ ಪೈಪೋಟಿಗೆ ನಿಲ್ಲುತ್ತಿದ್ದವರು ಆ ಪ್ರಾಂಗಣದ ಪರವಾನಗಿ ಪಡೆದ ಕೆಲವರೇ. ನಾಲ್ಕೈದು ಮಂದಿಯೇ ಇದ್ದಲ್ಲಿ ಅವರೊಳಗೆ ಒಳಮಾತು ನಡೆಯುವುದು ಕಷ್ಟವೇನಲ್ಲ. 2014ರಲ್ಲಿ ಕರ್ನಾಟಕವು ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿ, ಮಾರುಕಟ್ಟೆಗಳನ್ನು ಕಂಪ್ಯೂಟರಿನ ಮೂಲಕ ಒಂದಕ್ಕೊಂದು ಜೋಡಿಸಿತು. ಒಂದೇ ಪರವಾನಗಿಯಿಂದ ವ್ಯಾಪಾರಿಯು ರಾಜ್ಯದ ಯಾವ ಪ್ರಾಂಗಣದ ಲಾಟಿಗಾದರೂ ಬೆಲೆ ನಮೂದಿಸುವ ಅವಕಾಶ ದೊರೆಯಿತು. ಕೇಂದ್ರ ಸರ್ಕಾರದ ಇ-ನಾಮ್ ಆರಂಭವಾದದ್ದು ಇದಾದ ಎರಡು ವರ್ಷಗಳ ಬಳಿಕ, 2016ರ ಏಪ್ರಿಲ್‌ನಲ್ಲಿ. ಈ ಕಾರ್ಯದಲ್ಲಿ ನಮ್ಮ ರಾಜ್ಯ ಮುಂದಿತ್ತೆಂಬುದು ನಮ್ಮವರಿಗೇ ಅಷ್ಟಾಗಿ ತಿಳಿದಂತಿಲ್ಲ.

ಇದರಿಂದ ರೈತನಿಗೆ ಏನಾಯಿತು? ರೆಟ್ಸೆಫ್ ಲೆವಿ, ಮನೋಜ್ ರಾಜನ್, ಸೋಮ್ಯಾ ಸಿಂಘ್ವಿ ಮತ್ತು ಯಾಂಚೊಂಗ್ ಝೆಂಗ್ ಅವರು 2020ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಲೆಕ್ಕಹಾಕಿದೆ. ಈ ವ್ಯವಸ್ಥೆಯಿಂದಾಗಿ ಭತ್ತದ ಬೆಲೆ ಶೇ. 5.1ರಷ್ಟು, ಶೇಂಗಾದ್ದು ಶೇ. 3.6ರಷ್ಟು, ಮೆಕ್ಕೆಜೋಳದ್ದು ಶೇ. 3.5ರಷ್ಟು ಹೆಚ್ಚಿತೆಂದು ಅವರು ಅಂದಾಜಿಸಿದ್ದಾರೆ.

ಮೂರು ನಾಲ್ಕು ಶೇಕಡಾ ಎಂದರೆ ಎಷ್ಟರ ಮಾತು ಎಂದು ತೋರಬಹುದು. ಒಂದು ಉದಾಹರಣೆಯಿಂದ ನೋಡೋಣ. ಕ್ವಿಂಟಲಿಗೆ 2000 ರೂಪಾಯಿ ಬೆಲೆಯಿದ್ದು, ಬೀಜ, ಗೊಬ್ಬರ, ಕೂಲಿ, ಬಾಡಿಗೆ ಎಲ್ಲ ಸೇರಿ ಖರ್ಚು 1900 ರೂಪಾಯಿ ಆಗಿದ್ದರೆ ರೈತನಿಗೆ ಉಳಿಯುವುದು 100 ರೂಪಾಯಿ. ಬೆಲೆ ಶೇ. 3.5ರಷ್ಟು ಏರಿದರೆ 70 ರೂಪಾಯಿ ಹೆಚ್ಚು ಬರುತ್ತದೆ, ಖರ್ಚು ಹೆಚ್ಚುವುದಿಲ್ಲ. ಉಳಿತಾಯ 100ರಿಂದ 170ಕ್ಕೆ ಏರಿದಂತಾಯಿತು. ರೈತನ ಲಾಭಾಂಶ ಅಷ್ಟು ತೆಳುವಾಗಿರುವುದರಿಂದಲೇ ಬೆಲೆಯ ಸಣ್ಣ ಏರಿಕೆಯೂ ಅವನ ಲಾಭವನ್ನು ಶೇ. 36ರಿಂದ 159ರವರೆಗೆ ಹೆಚ್ಚಿಸಬಲ್ಲದೆಂದು ಸಂಶೋಧಕರು ಹೇಳಿದ್ದಾರೆ. ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ ಎದೆ ನಡುಗುತ್ತದೆ. ತೂಕದಲ್ಲಿ, ತೇವಾಂಶದ ಹೆಸರಿನಲ್ಲಿ ಕ್ವಿಂಟಲಿಗೆ ಮೂರು ಕಿಲೋ ಕಡಿತವಾದರೆ ಹೋಗುವುದು ಬೆಳೆಯ ನೂರರಲ್ಲಿ ಮೂರು ಪಾಲಲ್ಲ, ರೈತನ ಉಳಿತಾಯದ ಅರ್ಧಕ್ಕೂ ಹೆಚ್ಚು ಪಾಲು.

ಆದರೆ ಎಲ್ಲ ಬೆಳೆಗಳಿಗೂ ಒಂದೇ ಫಲ ದೊರೆಯಲಿಲ್ಲ. ದೂರದ ವ್ಯಾಪಾರಿ ಮಾಲನ್ನು ಕಣ್ಣಾರೆ ಕಾಣದೆ ಬೆಲೆ ನಮೂದಿಸಬೇಕಾದರೆ ಅದರ ಗುಣಮಟ್ಟವನ್ನು ಯಾರಾದರೂ ನಂಬಿಕೆಗೆ ಅರ್ಹವಾಗಿ ಅಳೆದು ಹೇಳಬೇಕು. ಅಂಥ ಅಳತೆಯಿಲ್ಲದಿದ್ದರೆ ಅವನು ದೂರವೇ ಉಳಿಯುತ್ತಾನೆ, ಇಲ್ಲವೇ ಅಪಾಯವನ್ನು ಕಳೆದು ಕಡಿಮೆ ಬೆಲೆ ಬರೆಯುತ್ತಾನೆ. ಒಳ್ಳೆಯ ಮಾಲು ತಂದವನಿಗೂ ಸಾಧಾರಣ ಮಾಲಿನ ಬೆಲೆಯೇ ಸಿಗುತ್ತದೆ. ಆದ್ದರಿಂದ ಪ್ರಾಂಗಣದಲ್ಲಿ ಕಂಪ್ಯೂಟರಿನಷ್ಟೇ ತೇವಾಂಶ ಮಾಪಕವೂ ಮುಖ್ಯ. ಸಾಗಣೆಯ ಅಡಚಣೆಯೂ ಇದೆ. ರೈತನು ಮುಂಗಡ ಪಡೆದ ದಲಾಲರ ಅಂಗಡಿಯಲ್ಲಿಯೇ ಮಾಲು ಇಳಿಸಬೇಕಾದ ಕಟ್ಟುಪಾಡು ಇದೆಲ್ಲಕ್ಕಿಂತ ದೊಡ್ಡದು. ಅದನ್ನು ಬಿಡಿಸುವ ತಂತ್ರಾಂಶ ಇನ್ನೂ ಹುಟ್ಟಿಲ್ಲ.

ಇದೇ ಸಂಶೋಧಕರು 2019ರಲ್ಲಿ ರಾಜ್ಯ ಸರ್ಕಾರದ ಸಹಕಾರದೊಂದಿಗೆ ನಮ್ಮ ಒಂದು ಪ್ರಮುಖ ಬೇಳೆಕಾಳು ಮಾರುಕಟ್ಟೆಯಲ್ಲಿ ಟೆಂಡರಿನ ರೀತಿಯನ್ನೇ ಸ್ವಲ್ಪ ಬದಲಿಸಿ ನೋಡಿದರು. ಮಾಮೂಲು ಟೆಂಡರಿನಲ್ಲಿ ಒಮ್ಮೆ ಬರೆದ ಬೆಲೆಯೇ ಕೊನೆ. ಹೊಸ ಕ್ರಮದಲ್ಲಿ ಮೊದಲ ಸುತ್ತಿನಲ್ಲಿ ಹೆಚ್ಚು ಬೆಲೆ ಬರೆದ ಕೆಲವರಿಗೆ ಎರಡನೆಯ ಸುತ್ತಿನಲ್ಲಿ ತಮ್ಮ ಬೆಲೆಯನ್ನು ಏರಿಸುವ ಅವಕಾಶ ಕೊಡಲಾಯಿತು. ತೀರಾ ಕಡಿಮೆ ಬರೆದವನಿಗೆ ಎರಡನೆಯ ಸುತ್ತಿಗೆ ಪ್ರವೇಶವಿಲ್ಲದ್ದರಿಂದ ಮೊದಲ ಸುತ್ತಿನಲ್ಲಿಯೇ ಎಚ್ಚರದಿಂದ ಬರೆಯಬೇಕಾಯಿತು. ಲಾಟು ಕೈತಪ್ಪೀತೆಂಬ ಅಳುಕಿದ್ದವನು ಎರಡನೆಯದರಲ್ಲಿ ಏರಿಸಿದನು. ಬೆಲೆ ಗಮನಾರ್ಹವಾಗಿ ಹೆಚ್ಚಿತು. ಇದಕ್ಕೆ ಹೊಸ ಕಟ್ಟಡವಾಗಲಿ ಸಹಾಯಧನವಾಗಲಿ ಬೇಕಾಗಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು.

ಈ ಸುಗ್ಗಿಯಲ್ಲಿ ಮಾಲು ಒಯ್ಯುವ ರೈತಬಾಂಧವರು ಕೆಲವು ಸಂಗತಿಗಳನ್ನು ವಿಚಾರಿಸಿಕೊಳ್ಳುವುದು ಒಳಿತು. ತಮ್ಮ ಲಾಟಿಗೆ ಎಷ್ಟು ಮಂದಿ ಬೆಲೆ ನಮೂದಿಸಿದ್ದಾರೆ, ಅವರಲ್ಲಿ ಹೊರಗಿನ ಪ್ರಾಂಗಣದವರು ಇದ್ದಾರೆಯೇ ಎಂದು ಕೇಳಬೇಕು. ಮೆಕ್ಕೆಜೋಳವನ್ನು ಬೆಂಬಲ ಬೆಲೆಯ ಖರೀದಿಗೆ ವಿಧಿಸಿರುವ ಶೇ. 14ರ ತೇವಾಂಶದ ಮಿತಿಗೆ ಒಣಗಿಸಿ ಒಯ್ದರೆ ಕಡಿತದ ಮಾತಿಗೆ ಎಡೆಯಿರುವುದಿಲ್ಲ. ತೇವಾಂಶವನ್ನು ಕೈಯಲ್ಲಿ ಹಿಡಿದು ಅಂದಾಜಿಸದೆ ಮಾಪಕದಲ್ಲಿಯೇ ತೋರಿಸಬೇಕೆಂದು ಒತ್ತಾಯಿಸಬಹುದು. ಟೆಂಡರಿನ ಬೆಲೆ ಒಪ್ಪಿಗೆಯಾಗದಿದ್ದಲ್ಲಿ ಅದನ್ನು ನಿರಾಕರಿಸಿ ಮರುದಿನದ ಟೆಂಡರಿಗೆ ಮಾಲನ್ನು ಉಳಿಸಿಕೊಳ್ಳುವ ಹಕ್ಕು ರೈತನಿಗಿದೆ.