ಜಿಂಕೆ ಲೆಕ್ಕ, ಜನರ ನಂಬಿಕೆ

ನಮ್ಮ ದೇಶದಲ್ಲಿ ಜಿಂಕೆ ಬೇಟೆ ಅಪರಾಧ. 1972ರ ವನ್ಯಜೀವಿ ಕಾಯಿದೆ ಅದನ್ನು ತಡೆದಿದೆ. ಆದರೆ ಎಲ್ಲ ದೇಶಗಳಲ್ಲೂ ಹೀಗಿಲ್ಲ.

ಅಮೆರಿಕದಲ್ಲಿ ಪೆನ್ಸಿಲ್ವೇನಿಯಾ ಅಂತ ಒಂದು ರಾಜ್ಯ ಇದೆ. ಅಲ್ಲಿ ಸರ್ಕಾರವೇ ಜಿಂಕೆ ಬೇಟೆಗೆ ಲೈಸೆನ್ಸ್ ಕೊಡುತ್ತದೆ. ಬೇಟೆಗೆ ಇಂಥ ತಿಂಗಳು ಎಂದು ಗೊತ್ತು ಮಾಡುತ್ತದೆ. 8 ಲಕ್ಷಕ್ಕೂ ಹೆಚ್ಚು ಜನ ಲೈಸೆನ್ಸ್ ಪಡೆಯುತ್ತಾರೆ. ಹೆಂಗಸರೂ ಬೇಟೆಗೆ ಹೋಗುತ್ತಾರೆ. ಎಷ್ಟೋ ಮನೆಗಳಿಗೆ ಚಳಿಗಾಲದ ಮಾಂಸ ಅದೇ.

ಬೇಟೆ ಮುಗಿದ ಮೇಲೆ ಇಲಾಖೆ ಒಂದು ಲೆಕ್ಕ ಹೇಳುತ್ತದೆ. 2023–24ರಲ್ಲಿ ಸುಮಾರು 4 ಲಕ್ಷ 30 ಸಾವಿರ ಜಿಂಕೆ ಬೇಟೆಯಾದವು ಎಂದು ಹೇಳಿತು. ಇಷ್ಟು ದೊಡ್ಡ ಲೆಕ್ಕ ಹೇಗೆ ಸಿಕ್ಕಿತು? ಒಂದೊಂದನ್ನೂ ಯಾರಾದರೂ ಎಣಿಸಿದರೇ? ಇಲ್ಲ. ಹಾಗಾದರೆ ಅದನ್ನು ನಂಬುವುದು ಹೇಗೆ? ಅಲ್ಲಿನ ಬೇಟೆಗಾರರು ಕೇಳುವುದೂ ಇದನ್ನೇ. ನಾವೂ ತಿಳಿಯೋಣ.

ಲೆಕ್ಕ ಏಕೆ ಬೇಕು?

1900ರ ಹೊತ್ತಿಗೆ ಆ ರಾಜ್ಯದಲ್ಲಿ ಜಿಂಕೆಗಳು ಮುಗಿದೇ ಹೋಗುವಂತಿದ್ದವು. ಮಿತಿಯಿಲ್ಲದೆ ಕೊಂದಿದ್ದರು. ಕಾಡನ್ನೂ ಕಡಿದಿದ್ದರು. ಆಮೇಲೆ ಬೇರೆ ರಾಜ್ಯಗಳಿಂದ ಜಿಂಕೆ ತಂದು ಬಿಟ್ಟರು. ಬೇಟೆಗೆ ಕಟ್ಟುನಿಟ್ಟು ತಂದರು. ಜಿಂಕೆಗಳು ಬೆಳೆದವು. ಬೆಳೆದು ಬೆಳೆದು ವಿಪರೀತವಾದವು! ಅವನ್ನು ತಿನ್ನುವ ತೋಳಗಳು ಅಲ್ಲಿ ಉಳಿದಿರಲಿಲ್ಲ. ಜಿಂಕೆಗಳು ರೈತರ ಬೆಳೆ ತಿಂದವು. ಕಾಡಿನ ಎಳೆ ಸಸಿ ತಿಂದವು. ರಸ್ತೆಗೆ ನುಗ್ಗಿ ಕಾರುಗಳಿಗೆ ಡಿಕ್ಕಿ ಹೊಡೆದವು.

ಜಿಂಕೆ ಕಡಿಮೆಯಾದರೂ ಕಷ್ಟ. ಹೆಚ್ಚಾದರೂ ಕಷ್ಟ. ಹೆಣ್ಣು ಜಿಂಕೆ ಎಷ್ಟು ಹೊಡೆಯಬಹುದು ಎಂದು ಪ್ರತಿ ವರ್ಷ ತೀರ್ಮಾನ ಮಾಡಬೇಕು. ಅದಕ್ಕೆ ಹಿಂದಿನ ವರ್ಷದ ಲೆಕ್ಕ ಬೇಕು. ಆ ಲೆಕ್ಕ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ.

ಹೇಗೆ ಎಣಿಸುತ್ತಾರೆ?

ಅಲ್ಲಿ ಒಂದು ನಿಯಮ ಇದೆ. ಜಿಂಕೆ ಹೊಡೆದವರು ಅದಕ್ಕೆ ಒಂದು ಚೀಟಿ ಕಟ್ಟಬೇಕು. 10 ದಿನದೊಳಗೆ ಇಲಾಖೆಗೆ ತಿಳಿಸಬೇಕು. ಫೋನ್ ಮಾಡಿದರೂ ಆಯಿತು. ಕಂಪ್ಯೂಟರ್‌ನಲ್ಲಿ ತಿಳಿಸಿದರೂ ಆಯಿತು. ಆದರೆ ಅರ್ಧಕ್ಕಿಂತ ಹೆಚ್ಚು ಜನ ತಿಳಿಸುವುದೇ ಇಲ್ಲ. ಕೆಲವರಿಗೆ ಮರೆವು. ಕೆಲವರಿಗೆ ಸೋಮಾರಿತನ. ಇನ್ನು ಕೆಲವರಿಗೆ ಇಲಾಖೆ ಮೇಲೆ ಸಿಟ್ಟು.

ಹಾಗಾದರೆ ಉಳಿದ ಜಿಂಕೆಗಳ ಲೆಕ್ಕ? ಅದಕ್ಕೆ ಒಂದು ಉಪಾಯ ಇದೆ. ನಮ್ಮೂರ ಮದುವೆಯಿಂದಲೇ ಅದನ್ನು ತಿಳಿಯಬಹುದು.

ಒಂದು ಮದುವೆಗೆ ಎಷ್ಟು ಮನೆಯವರು ಬಂದಿದ್ದರು ಎಂದು ತಿಳಿಯಬೇಕು. ಮುಯ್ಯಿ ಪುಸ್ತಕದಲ್ಲಿ 60 ಮನೆಗಳ ಹೆಸರಿದೆ. ಆದರೆ ಬಂದವರೆಲ್ಲ ಮುಯ್ಯಿ ಬರೆಸಿಲ್ಲ. ಆಗ ನಾವು ಊಟದ ಪಂಕ್ತಿಗೆ ಹೋಗೋಣ. ಅಲ್ಲಿಂದ ಇಲ್ಲಿಂದ 30 ಮನೆಯವರನ್ನು ಕೇಳೋಣ. “ಮುಯ್ಯಿ ಬರೆಸಿದಿರಾ?” 10 ಮನೆಯವರು “ಹೌದು” ಅಂದರು. ಅಂದರೆ ಮೂರು ಮನೆಗೆ ಒಂದು ಮನೆ ಬರೆಸಿದೆ. ಪುಸ್ತಕದಲ್ಲಿ 60 ಇದೆ. 60ರ ಮೂರು ಪಟ್ಟು 180. ಬಂದದ್ದು ಸುಮಾರು 180 ಮನೆಯವರು!

ಜಿಂಕೆ ಲೆಕ್ಕವೂ ಹೀಗೆಯೇ. ಎಷ್ಟೋ ಬೇಟೆಗಾರರು ಜಿಂಕೆಯನ್ನು ಮಾಂಸ ಕೊಯ್ಯುವ ಅಂಗಡಿಗೆ ಕೊಡುತ್ತಾರೆ. ಇಲಾಖೆಯವರು ರಾಜ್ಯದ ತುಂಬ ಇಂಥ ಅಂಗಡಿಗಳಿಗೆ ಹೋಗುತ್ತಾರೆ. ಒಂದು ವರ್ಷಕ್ಕೆ 20,000ಕ್ಕೂ ಹೆಚ್ಚು ಜಿಂಕೆಗಳನ್ನು ನೋಡುತ್ತಾರೆ. ಹಲ್ಲು ನೋಡಿ ವಯಸ್ಸು ಹೇಳುತ್ತಾರೆ. ಚೀಟಿ ನೋಡಿ ಬರೆದುಕೊಳ್ಳುತ್ತಾರೆ. ಇದನ್ನು ಹೊಡೆದವರು ಇಲಾಖೆಗೆ ತಿಳಿಸಿದ್ದಾರೆಯೇ ಎಂದು ತಾಳೆ ಹಾಕುತ್ತಾರೆ. ಎಷ್ಟರಲ್ಲಿ ಎಷ್ಟು ಜನ ತಿಳಿಸಿದರು ಎಂದು ಗೊತ್ತಾಗುತ್ತದೆ. ಅದರಿಂದ ಒಟ್ಟು ಲೆಕ್ಕ ಕಟ್ಟುತ್ತಾರೆ.

ಇದು ಅಂದಾಜು. ಆದರೆ ಬಾಯಿಗೆ ಬಂದ ಅಂದಾಜಲ್ಲ, ಲೆಕ್ಕದ ಅಂದಾಜು.

ಅಂದಾಜು ಎಲ್ಲಿ ತಪ್ಪುತ್ತದೆ?

ಮದುವೆಯಲ್ಲಿ ನಾವು ಮದುಮಗಳ ತಾಯಿಯ ಪಕ್ಕ ಕೂತವರನ್ನು ಮಾತ್ರ ಕೇಳಿದೆವು ಅನ್ನಿ. ಅವರೆಲ್ಲ ಹತ್ತಿರದ ನೆಂಟರು. ಎಲ್ಲರೂ ಮುಯ್ಯಿ ಬರೆಸಿರುತ್ತಾರೆ. ಆಗ ಲೆಕ್ಕ 60ಕ್ಕೇ ನಿಲ್ಲುತ್ತದೆ. ಆದ್ದರಿಂದ ಎಲ್ಲ ಪಂಕ್ತಿಯಲ್ಲೂ ಕೇಳಬೇಕು.

ಜಿಂಕೆ ಲೆಕ್ಕದಲ್ಲೂ ಈ ತೊಡಕು ಇದೆ. ಕೆಲವರು ಮನೆಯಲ್ಲೇ ಮಾಂಸ ಕೊಯ್ಯುತ್ತಾರೆ. ಅವರು ಅಂಗಡಿಗೆ ಬರುವುದೇ ಇಲ್ಲ. ಅವರ ರೂಢಿ ಬೇರೆ ಇದ್ದರೆ ಲೆಕ್ಕ ವಾಲುತ್ತದೆ.

ಮಿಷಿಗನ್ ಎಂಬ ರಾಜ್ಯದಲ್ಲಿ ಬೇರೆ ಕ್ರಮ ಇತ್ತು. ಕೆಲವು ಬೇಟೆಗಾರರನ್ನು ಆರಿಸಿ ಕಾಗದ ಬರೆದು ಕೇಳುತ್ತಿದ್ದರು. ಜಿಂಕೆ ಸಿಕ್ಕವರು ಖುಷಿಯಿಂದ ಉತ್ತರ ಬರೆಯುತ್ತಾರೆ. ಬರಿಗೈಲಿ ಬಂದವರು ಸುಮ್ಮನಾಗುತ್ತಾರೆ. ಆಗ ಲೆಕ್ಕ ಇರುವುದಕ್ಕಿಂತ ಹೆಚ್ಚು ಬರುತ್ತದೆ. 2022ರಲ್ಲಿ ಅಲ್ಲಿ ಹೊಸ ನಿಯಮ ಬಂತು. ಜಿಂಕೆ ಹೊಡೆದವರು 72 ಗಂಟೆಯೊಳಗೆ ತಿಳಿಸಲೇಬೇಕು.

ಬೇಟೆಗಾರರು ನಂಬುತ್ತಾರೆಯೇ?

ಕೆಲವರು ನಂಬುತ್ತಾರೆ. ಹಲವರು ನಂಬುವುದಿಲ್ಲ.

“ಮೂರು ದಿನ ಕಾಡಲ್ಲಿ ಕೂತೆ. ಒಂದು ಜಿಂಕೆಯೂ ಕಾಣಲಿಲ್ಲ. ಲಕ್ಷಗಟ್ಟಲೆ ಎಲ್ಲಿಂದ ಬಂತು?” ಎನ್ನುವವರು ಇದ್ದಾರೆ. ಅವರು ಕಂಡದ್ದು ಸುಳ್ಳಲ್ಲ. ಆದರೆ ಅದು ಒಂದು ಕಾಡಿನ ಮಾತು. ಇಲಾಖೆಯದು ಇಡೀ ರಾಜ್ಯದ ಮಾತು. ನಮ್ಮ ಹೊಲದಲ್ಲಿ ಮಳೆ ಬಾರದಿದ್ದರೂ ಜಿಲ್ಲೆಯಲ್ಲಿ ಮಳೆ ಆಗಿರಬಹುದಲ್ಲವೇ?

“ಲೈಸೆನ್ಸ್ ಮಾರಿ ದುಡ್ಡು ಮಾಡೋಕೆ ಲೆಕ್ಕ ಹೆಚ್ಚಿಸ್ತಾರೆ” ಎನ್ನುವವರೂ ಇದ್ದಾರೆ. ಇಲಾಖೆ ನಡೆಯುವುದರಲ್ಲಿ ಲೈಸೆನ್ಸ್ ಹಣದ ಪಾಲು ದೊಡ್ಡದು. ಅದು ನಿಜ. ಆದ್ದರಿಂದ ಈ ಅನುಮಾನ ಸುಲಭಕ್ಕೆ ಹೋಗದು.

2000ದ ನಂತರ ಇಲಾಖೆ ಹೆಣ್ಣು ಜಿಂಕೆಗಳನ್ನು ಹೆಚ್ಚು ಹೊಡೆಯಲು ಬಿಟ್ಟಿತು. ಆಗ ದೊಡ್ಡ ಜಗಳವಾಯಿತು. ಬೇಟೆಗಾರರ ಒಂದು ಸಂಘ ಕೋರ್ಟಿಗೂ ಹೋಯಿತು. ಕೊನೆಗೆ ಶಾಸಕರ ಸಮಿತಿ ಹೊರಗಿನವರಿಂದ ಇಲಾಖೆಯ ಕೆಲಸದ ಪರಿಶೀಲನೆ ಮಾಡಿಸಿತು. 2010ರಲ್ಲಿ ಅದರ ವರದಿ ಬಂತು. ಕ್ರಮ ಒಟ್ಟಿನಲ್ಲಿ ಸರಿ, ಇನ್ನೂ ತಿದ್ದಿಕೊಳ್ಳುವುದು ಇದೆ ಎಂದಿತು.

ಇಲ್ಲಿ ಒಂದು ಮಾತು ಗಮನಿಸಿ. ನಂಬಿಕೆ ಇಲ್ಲದವರು ತಿಳಿಸುವುದಿಲ್ಲ. ತಿಳಿಸುವವರು ಕಡಿಮೆಯಾದರೆ ಲೆಕ್ಕ ಸಡಿಲವಾಗುತ್ತದೆ. ಲೆಕ್ಕ ಸಡಿಲವಾದರೆ ನಂಬಿಕೆ ಇನ್ನೂ ಹೋಗುತ್ತದೆ. ಇದು ಗಾಣದ ಎತ್ತಿನ ಸುತ್ತು.

ನಮ್ಮಲ್ಲಿ?

ನಮ್ಮಲ್ಲೂ ಕಾಡಿನ ಲೆಕ್ಕ ತಪ್ಪಿದ್ದುಂಟು. ಹಿಂದೆ ಹೆಜ್ಜೆ ಗುರುತು ನೋಡಿ ಹುಲಿ ಎಣಿಸುತ್ತಿದ್ದರು. ರಾಜಸ್ಥಾನದ ಸರಿಸ್ಕಾ ಕಾಡಿನಲ್ಲಿ ಹುಲಿಗಳಿವೆ ಎಂದು ಕಾಗದ ಹೇಳುತ್ತಿತ್ತು. 2005ರಲ್ಲಿ ಹುಡುಕಿದರೆ ಒಂದೂ ಇರಲಿಲ್ಲ! ಕಳ್ಳಬೇಟೆಗಾರರು ಮುಗಿಸಿದ್ದರು. ನಮ್ಮ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು 1990ರ ದಶಕದಲ್ಲೇ ಕ್ಯಾಮೆರಾ ಇಟ್ಟು ಹುಲಿ ಎಣಿಸಿದರು. ಹುಲಿಯ ಮೈಮೇಲಿನ ಪಟ್ಟೆ ಒಂದರಂತೆ ಒಂದಿರುವುದಿಲ್ಲ. ಹೊಸ ಲೆಕ್ಕಕ್ಕೆ ಅದೇ ಗುರುತು.

ಅಕ್ಕ ತಂಗಿಯರೇ, ಲೆಕ್ಕ ನಮ್ಮೂರಿಗೂ ಬರುತ್ತದೆ. ಕಾಡುಹಂದಿ ತಿಂದ ಬೆಳೆ ಎಷ್ಟು, ಊರಿಗೆ ಬೋರ್‌ವೆಲ್ ಎಷ್ಟು, ಹೀಗೆ. ಅಂದಾಜು ಅಂದ ಮಾತ್ರಕ್ಕೆ ಸುಳ್ಳಲ್ಲ. ಸರ್ಕಾರದ ಅಚ್ಚು ಬಿದ್ದ ಮಾತ್ರಕ್ಕೆ ಸತ್ಯವೂ ಅಲ್ಲ. ಯಾರನ್ನು ಕೇಳಿದರು? ಯಾರನ್ನು ಬಿಟ್ಟರು? ಹೇಗೆ ಕೂಡಿಸಿದರು? ಈ ಮೂರನ್ನು ನಾವು ಕೇಳಬೇಕು. ನಮ್ಮನ್ನು ಕೇಳಲು ಬಂದಾಗ ನಾವೂ ಸರಿಯಾಗಿ ಹೇಳಬೇಕು.

ಮಾಡಿ ನೋಡಿ

ಮುಯ್ಯಿ ಪುಸ್ತಕದಲ್ಲಿ 80 ಮನೆಗಳ ಹೆಸರಿದೆ. ಪಂಕ್ತಿಯಲ್ಲಿ 20 ಮನೆಯವರನ್ನು ಕೇಳಿದಿರಿ. 10 ಮನೆಯವರು ಬರೆಸಿದ್ದಾರೆ. ಹಾಗಾದರೆ ಒಟ್ಟು ಎಷ್ಟು ಮನೆಯವರು ಬಂದಿದ್ದರು?